ಸಹಾಯ ಬೇಕು: ಅವ್ವನ ಇಳಕಲ್ ಸೀರೆಗಳಿಂದ ಕೌದಿ ಹೊಲಿದು ಕೊಡುವವರು ಇದ್ದಾರೆಯೇ?

ನಮಸ್ಕಾರ್ರಿ ಎಲ್ಲರಿಗೂ. ನಾವು ಬಾಗಲಕೋಟೆ ನವನಗರದವರು. ನಮ್ಮವ್ವ ಹೋದ ತಿಂಗಳು ತೀರಿಕೊಂಡಳು. ಹಳೇ ಊರಿನ ಮನೆ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದವಳು, ಓಣಿಯವರನ್ನೆಲ್ಲ ಬಳಗ ಮಾಡಿಕೊಂಡಿದ್ದಳು. ಮನೆಗೆ ಯಾರೇ ಬರಲಿ, ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿನ್ನಿಸದೆ ಕಳಿಸುತ್ತಿರಲಿಲ್ಲ. ಮೊಮ್ಮಕ್ಕಳಿಗಂತೂ ಆಯಿಯ ಮಗ್ಗುಲಲ್ಲೇ ನಿದ್ದೆ. ಸಣ್ಣವಳು ಈಗಲೂ ರಾತ್ರಿ ಆಯಿಯ ಸೀರೆ ಕೇಳುತ್ತಾಳೆ.

ಅವ್ವನ 7 ಇಳಕಲ್ ಸೀರೆಗಳಿವೆ, ಜೊತೆಗೆ ಗುಳೇದಗುಡ್ಡ ಖಣದ ಕುಪ್ಪಸಗಳು. ಟ್ರಂಕಿನಲ್ಲಿ ಸುಮ್ನೆ ಇಡುವುದು ಬೇಡ, ಮೊಮ್ಮಕ್ಕಳಿಗೆ ಒಂದೊಂದು ಕೌದಿ ಆಗಲಿ ಅಂತ ಆಸೆ. ಮಷಿನ್ ಹೊಲಿಗೆ ಬೇಡ. ಅವ್ವ ಕೈಯಿಂದಲೇ ಹೊಲಿಯುತ್ತಿದ್ದಳು, ಹಾಗೇ ಬೇಕು.

ಒಂದು ಸಂಶಯ. ಈ ಸೀರೆಗಳ ಒಡಲು ಹತ್ತಿಯದು, ಸೆರಗು ರೇಷ್ಮೆಯದು. ಎರಡನ್ನೂ ಒಂದೇ ಕೌದಿಗೆ ಹಾಕಿದರೆ ಒಗೆದಾಗ ಸುಕ್ಕು ಬರುತ್ತದೆಯೇ? ಆ ಕೆಂಪು-ಬಿಳಿ ಸೆರಗು ಕತ್ತರಿಸಲು ನನಗೆ ಮನಸ್ಸೇ ಬರುತ್ತಿಲ್ಲ. ಅದನ್ನು ಇಡಿಯಾಗಿ ನಡುವೆ ಕೂಡಿಸಬಹುದೇ? ಬಲ್ಲವರು ದಯವಿಟ್ಟು ಹೇಳಿ.

ಗುಳೇದಗುಡ್ಡ, ಇಳಕಲ್, ಬಾದಾಮಿ ಕಡೆ ಕೌದಿ ಹೊಲಿಯುವ ಅಕ್ಕಂದಿರು ಗೊತ್ತಿದ್ದರೆ ತಿಳಿಸಿ. ನಾವೇ ಸೀರೆ ತಂದುಕೊಡುತ್ತೇವೆ. ಕೂಲಿಯಲ್ಲಿ ಚೌಕಾಸಿ ಮಾಡುವುದಿಲ್ಲ. ಅವಸರವೂ ಇಲ್ಲ, ಆದರೆ ಚಳಿಗಾಲದೊಳಗೆ ಸಣ್ಣವಳದ್ದೊಂದು ಆದರೆ ಸಾಕು.