ಬ್ಯಾಸ್ ಗಾಳಗಾರರ ಅತ್ಯುತ್ತಮ ವರ್ಷಗಳು ಯಾವುವು? – ವಯಸ್ಸು ಮತ್ತು ಅನುಭವದ ಕುರಿತು ಪ್ರಶ್ನೋತ್ತರ

ಪ್ರಶ್ನೆ – ಡಲ್ಲಾಸ್‌ನ ಸದಸ್ಯರಿಂದ

ನಮಸ್ಕಾರ ಮೇಡಂ. ತಾವು ಫಿಸಿಯೋಥೆರಪಿಸ್ಟ್ ಆಗಿದ್ದುಕೊಂಡೇ ಬ್ಯಾಸ್ ಎಂಬ ಸಿಹಿನೀರಿನ ಮೀನಿನ ಸ್ಪರ್ಧೆಗಳಲ್ಲೂ ಗಾಳ ಹಾಕುತ್ತಾ ಬಂದವರು. ಆದ್ದರಿಂದ ಬಹಳ ದಿನಗಳಿಂದ ಕೊರೆಯುತ್ತಿರುವ ಪ್ರಶ್ನೆಯೊಂದನ್ನು ತಮ್ಮ ಮುಂದಿಡುತ್ತಿದ್ದೇನೆ. ನನಗೀಗ 53 ವರ್ಷ. ಟೆಕ್ಸಾಸ್‌ಗೆ ಬಂದ ಮೇಲೆ, ನಲವತ್ತರ ಹೊತ್ತಿಗೆ, ಈ ಹವ್ಯಾಸ ಅಂಟಿಕೊಂಡಿತು. ಕ್ಲಬ್ ಸ್ಪರ್ಧೆಗಳಲ್ಲಿ ಆಗಾಗ ಮೊದಲ ಮೂವರಲ್ಲಿ ಇರುತ್ತಿದ್ದೆ. ಈಗ ಇಪ್ಪತ್ತರ ಹರೆಯದವರು ದೋಣಿಯ ಮುಂಭಾಗದಲ್ಲಿ ನಿಂತು, ನೀರಿನಡಿಯ ಮೀನನ್ನು ತೋರಿಸುವ ಸೋನಾರ್ ಪರದೆಯ ಮೇಲೆ ಕಣ್ಣಿಟ್ಟು, ನನಗಿಂತ ಬಹಳ ಹೆಚ್ಚು ತೂಕದ ಮೀನು ತರುತ್ತಿದ್ದಾರೆ. 2024ರ ಫೆಬ್ರವರಿಯಲ್ಲಿ ನಮ್ಮ ಲೇಕ್ ಫೋರ್ಕ್‌ನಲ್ಲೇ ನಡೆದ ವೃತ್ತಿಪರರ ಬ್ಯಾಸ್‌ಮಾಸ್ಟರ್ ಎಲೀಟ್ ಸರಣಿಯ ಸ್ಪರ್ಧೆಯನ್ನು ಟ್ರೇ ಮೆಕಿನ್ನಿ ಕೇವಲ 19ನೆಯ ವಯಸ್ಸಿನಲ್ಲಿ ಗೆದ್ದರು. ನನಗೋ ಮುಸ್ಸಂಜೆಯಲ್ಲಿ ದಾರಕ್ಕೆ ಗಂಟು ಹಾಕುವುದೇ ಕಷ್ಟವಾಗುತ್ತಿದೆ, ಮೊಣಕೈಯೂ ನೋಯುತ್ತದೆ. ಬ್ಯಾಸ್ ಗಾಳಗಾರನ ಅತ್ಯುತ್ತಮ ವರ್ಷಗಳು ಯಾವ ವಯಸ್ಸಿನಲ್ಲಿ ಬರುತ್ತವೆ? ನನ್ನವು ಮುಗಿದವೇ?

ಉತ್ತರ

ನಮಸ್ಕಾರ ಸರ್. ಮುಗಿದಿಲ್ಲ. ಈ ಮಾತನ್ನು ತಮ್ಮ ಸಮಾಧಾನಕ್ಕೆಂದು ಹೇಳುತ್ತಿಲ್ಲ, ಈ ಕ್ರೀಡೆಯ ದಾಖಲೆಗಳನ್ನು ನೋಡಿಯೇ ಹೇಳುತ್ತಿದ್ದೇನೆ. ಬ್ಯಾಸ್‌ಮಾಸ್ಟರ್ ಕ್ಲಾಸಿಕ್ ಎಂಬ ಅತಿ ದೊಡ್ಡ ಸ್ಪರ್ಧೆಯನ್ನು 1981ರಲ್ಲಿ ಗೆದ್ದ ಸ್ಟ್ಯಾನ್ಲಿ ಮಿಚೆಲ್ ಅವರಿಗೆ ಆಗ 21 ವರ್ಷ. ಅದೇ ಸ್ಪರ್ಧೆಯನ್ನು 2000ದಲ್ಲಿ ಗೆದ್ದ ವೂ ಡೇವ್ಸ್ ಅವರಿಗೆ 54. ಮಿಶಿಗನ್‌ನ ಕೆವಿನ್ ವ್ಯಾನ್‌ಡ್ಯಾಮ್ ಅವರು ವರ್ಷದ ಗಾಳಗಾರ ಎಂಬ ಪಟ್ಟವನ್ನು ಮೊದಲ ಬಾರಿ ಪಡೆದದ್ದು 1992ರಲ್ಲಿ, ಇಪ್ಪತ್ತೈದು ತುಂಬುವ ಮೊದಲೇ. ಆದರೆ ಅದೇ ಪಟ್ಟವನ್ನು ಅವರು 2008ರಿಂದ 2011ರವರೆಗೆ ಸತತವಾಗಿ ನಾಲ್ಕು ವರ್ಷ ಉಳಿಸಿಕೊಂಡದ್ದು ನಲವತ್ತು ದಾಟಿದ ಮೇಲೆ, ಮತ್ತು ಅದೇ ಅವಧಿಯಲ್ಲಿ ಎರಡು ಕ್ಲಾಸಿಕ್‌ಗಳನ್ನೂ ಗೆದ್ದರು. ಡೆನ್ನಿ ಬ್ರೌವರ್ 2011ರಲ್ಲಿ ಅರ್ಕಾನ್ಸಾ ನದಿಯ ಎಲೀಟ್ ಸ್ಪರ್ಧೆಯನ್ನು ಗೆದ್ದಾಗ ಅವರಿಗೆ 62 ವರ್ಷವಾಗಿತ್ತು. ಓಟದಲ್ಲಾಗಲಿ ಈಜಿನಲ್ಲಾಗಲಿ ಇಷ್ಟು ಅಗಲವಾಗಿ ಹರಡಿಕೊಂಡ ಗೆಲುವಿನ ವಯಸ್ಸನ್ನು ತಾವು ಕಾಣಲಾರಿರಿ.

ಇವರೆಲ್ಲರಿಗಿಂತ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದವರು ರಿಕ್ ಕ್ಲನ್. 1946ರಲ್ಲಿ ಹುಟ್ಟಿದ ಅವರು 1976, 1977, 1984 ಮತ್ತು 1990ರಲ್ಲಿ ಕ್ಲಾಸಿಕ್ ಗೆದ್ದರು. ಆ ಪಟ್ಟಿಯನ್ನಷ್ಟೇ ನೋಡಿದವರು ಅವರ ಒಳ್ಳೆಯ ಕಾಲ ಮೂವತ್ತರಿಂದ ನಲವತ್ನಾಲ್ಕರವರೆಗೆ ಎಂದು ಗೆರೆ ಎಳೆದುಬಿಡುತ್ತಾರೆ. ಆದರೆ 2016ರ ಮಾರ್ಚ್‌ನಲ್ಲಿ ಫ್ಲಾರಿಡಾದ ಸೇಂಟ್ ಜಾನ್ಸ್ ನದಿಯಲ್ಲಿ, 69ನೆಯ ವಯಸ್ಸಿನಲ್ಲಿ, ತಮಗಿಂತ ನಲವತ್ತು ವರ್ಷ ಚಿಕ್ಕವರ ಎದುರು ಅವರು ಎಲೀಟ್ ಸ್ಪರ್ಧೆಯನ್ನು ಗೆದ್ದರು. 2019ರ ಫೆಬ್ರವರಿಯಲ್ಲಿ, 72ನೆಯ ವಯಸ್ಸಿನಲ್ಲಿ, ಅದೇ ನದಿಯಲ್ಲಿ ಮತ್ತೊಮ್ಮೆ ಗೆದ್ದರು. ಆ ಸಲ ನಾಲ್ಕು ದಿನಗಳ ಒಟ್ಟು ತೂಕ 98 ಪೌಂಡ್ 14 ಔನ್ಸ್. ಅದರಲ್ಲಿ 34 ಪೌಂಡ್ 14 ಔನ್ಸ್, ಎಂದರೆ ಸುಮಾರು 15.8 ಕಿಲೋ, ಕೊನೆಯ ದಿನದ ಐದೇ ಮೀನುಗಳದ್ದು. ಒಳ್ಳೆಯ ಗಳಿಗೆಗಳೆಲ್ಲ ಹಿಂದೆಯೇ ಮುಗಿದುಹೋದವು ಎಂದು ಎಂದಿಗೂ ಒಪ್ಪಿಕೊಳ್ಳಬೇಡಿ ಎಂಬ ಅರ್ಥದ ಮಾತನ್ನು ಅವರು 2016ರ ಗೆಲುವಿನ ಸಂದರ್ಭದಲ್ಲಿ ಆಡಿದ್ದರು. ಮೂರು ವರ್ಷಗಳ ನಂತರ ಅದನ್ನು ಮಾಡಿಯೂ ತೋರಿಸಿದರು.

ಇನ್ನು ದೇಹದ ವಿಚಾರ. ವಯಸ್ಸಾದಂತೆ ನಮ್ಮ ಪ್ರತಿಕ್ರಿಯೆಯ ವೇಗ ತಗ್ಗುತ್ತದೆ ಎಂಬುದು ನಿಜ, ಆದರೆ ಗಾಳದಲ್ಲಿ ಅದರಿಂದಾಗುವ ನಷ್ಟ ಜನ ಊಹಿಸುವುದಕ್ಕಿಂತ ಬಹಳ ಕಡಿಮೆ. ಪ್ಲಾಸ್ಟಿಕ್ ಹುಳುವನ್ನು ಬ್ಯಾಸ್ ಬಾಯಿಗೆ ತೆಗೆದುಕೊಂಡಾಗ ಬಹಳ ಸಲ ಕೈಗೆ ಎಳೆತವೇ ತಿಳಿಯುವುದಿಲ್ಲ. ಹದಿನೈದು ಅಡಿ ಇಳಿಯಬೇಕಾದ ಎರೆ ಏಳೆಂಟು ಅಡಿಯಲ್ಲೇ ನಿಂತು ದಾರ ಸಡಿಲವಾಗುತ್ತದೆ, ಇಲ್ಲವೇ ದಾರ ನೀರನ್ನು ಸೇರುವ ಬಿಂದು ಗಾಳಿಗೆ ಎದುರಾಗಿ ಒಂದೆರಡು ಅಂಗುಲ ಸರಿಯುತ್ತದೆ. ಅದನ್ನು ಗಮನಿಸಿ, ಸಡಿಲವಾದ ದಾರವನ್ನು ಸುತ್ತಿಕೊಂಡು, ಆಮೇಲೆ ಕೋಲನ್ನು ಬೀಸಿ ಎಳೆಯುವವನಿಗೆ ಮೀನು ಸಿಗುತ್ತದೆ. ಇಲ್ಲಿ ಗೆಲ್ಲುವುದು ನರಗಳ ವೇಗವಲ್ಲ. ಎರೆ ಸಹಜವಾಗಿ ಇಳಿಯುವುದು ಹೇಗಿರುತ್ತದೆ ಎಂದು ಸಾವಿರಾರು ಬಾರಿ ಕಂಡ ಕಣ್ಣು ಅಸಹಜವಾದದ್ದನ್ನು ಕೂಡಲೇ ಹಿಡಿಯುತ್ತದೆ.

ದೃಷ್ಟಿಯ ನಷ್ಟವನ್ನು ಮಾತ್ರ ಹಗುರವಾಗಿ ಕಾಣಬಾರದು. ನಲವತ್ತರ ನಂತರ ಕಣ್ಣಿನ ಮಸೂರ ಬಿರುಸಾಗಿ ಹತ್ತಿರದ ವಸ್ತು ಮಸುಕಾಗುತ್ತದೆ. ಜೊತೆಗೆ ಪಾಪೆ ಕಿರಿದಾಗಿ, ಮಸೂರ ಹಳದಿಗಟ್ಟಿ, ಅರವತ್ತರ ವಯಸ್ಸಿನವರ ಅಕ್ಷಿಪಟಲವನ್ನು ಇಪ್ಪತ್ತರವರಿಗೆ ತಲುಪುವ ಬೆಳಕಿನ ಸುಮಾರು ಮೂರನೇ ಒಂದು ಭಾಗ ಮಾತ್ರ ತಲುಪುತ್ತದೆ. ಮುಸ್ಸಂಜೆಯಲ್ಲಿ ತಮಗೆ ಗಂಟು ಕಾಣದಿರುವುದಕ್ಕೆ ಇದೇ ಕಾರಣ. ಕೆಳಭಾಗದಲ್ಲಿ ಓದುವ ಪವರ್ ಇರುವ ಪೋಲರೈಸ್ಡ್ ಕನ್ನಡಕವನ್ನು ಮಾಡಿಸಿಕೊಳ್ಳಿ, ಮಂದ ಬೆಳಕಿಗೆ ತಾಮ್ರ ಅಥವಾ ಜೇನು ಬಣ್ಣದ ಗಾಜನ್ನು ಆರಿಸಿ, ತಲೆಗೆ ಕಟ್ಟಿಕೊಳ್ಳುವ ಚಿಕ್ಕ ದೀಪವೊಂದನ್ನು ಇಟ್ಟುಕೊಳ್ಳಿ. ಪರದೆಯ ಸುತ್ತ ಬೆಳಕು ಚದುರಿದಂತೆ ಕಾಣುತ್ತಿದ್ದರೆ ಕಣ್ಣಿನ ಪೊರೆಯ ತಪಾಸಣೆಯನ್ನು ಮುಂದೂಡಬೇಡಿ.

ಮೊಣಕೈ ನೋವು ತಮ್ಮ ವಯಸ್ಸಿನಲ್ಲಿ ಬಹಳ ಸಾಮಾನ್ಯ. ಹೊರಬದಿಯಲ್ಲಿ ನೋಯುತ್ತಿದ್ದರೆ ಅದು ಬಹುಮಟ್ಟಿಗೆ ಟೆನ್ನಿಸ್ ಎಲ್ಬೋ ಎಂದು ಕರೆಯುವ ಸ್ನಾಯುರಜ್ಜುವಿನ ತೊಂದರೆ. ದಿನವಿಡೀ ಆಳಕ್ಕೆ ಧುಮುಕುವ ಕ್ರ್ಯಾಂಕ್‌ಬೈಟ್ ಎಂಬ ಮೀನಿನಾಕಾರದ ಕೃತಕ ಎರೆಯನ್ನು ಎಳೆದವರಿಗೆ ಇದು ಬೇಗ ಬರುತ್ತದೆ, ಏಕೆಂದರೆ ಆ ಎರೆ ಪ್ರತಿ ಸುತ್ತಿಗೂ ನೀರನ್ನು ತಳ್ಳುತ್ತಲೇ ಬರುತ್ತದೆ. ಪೂರ್ತಿ ವಿಶ್ರಾಂತಿಯೊಂದೇ ಇದಕ್ಕೆ ಮದ್ದಲ್ಲ. ಮಣಿಕಟ್ಟನ್ನು ಹಗುರ ಭಾರದೊಂದಿಗೆ ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮದಿಂದ ಸ್ನಾಯುರಜ್ಜು ವಾರಗಳ ಅವಧಿಯಲ್ಲಿ ಬಲಗೊಳ್ಳುತ್ತದೆ. ಗಾಳ ಬೀಸಿದ ಮೇಲೆ ಕೋಲನ್ನು ಇನ್ನೊಂದು ಕೈಗೆ ದಾಟಿಸುವ ಅಭ್ಯಾಸವೂ ಒಳ್ಳೆಯದು. ರಾತ್ರಿ ನಿದ್ರೆ ಕೆಡಿಸುವ ಭುಜದ ನೋವಿದ್ದರೆ, ಅಥವಾ ಕೈ ಮೇಲೆತ್ತುವ ಶಕ್ತಿಯೇ ಕುಂದಿದ್ದರೆ, ಅದು ಬೇರೆ ವಿಷಯ. ಆಗ ವೈದ್ಯರ ಬಳಿಗೆ ಹೋಗಲೇಬೇಕು.

ಈಗ ಅನುಭವದ ಬಗ್ಗೆ. ತಮ್ಮ ಪ್ರಶ್ನೆಯ ನಿಜವಾದ ಗಂಟು ಇರುವುದು ಇಲ್ಲಿಯೇ ಎಂದು ನಾನು ತಿಳಿದಿದ್ದೇನೆ. ಅನುಭವದಲ್ಲಿ ಎರಡು ಬಗೆಯ ನೆನಪು ಬೆರೆತಿರುತ್ತದೆ. ಒಂದು ಜಾಗದ ನೆನಪು: ಮೂರು ವರ್ಷದ ಹಿಂದೆ ಈ ಮೂಲೆಯಲ್ಲಿ ಏಳು ಪೌಂಡಿನ ಮೀನು ಸಿಕ್ಕಿತ್ತು ಎಂಬಂಥದ್ದು. ಇನ್ನೊಂದು ಕಾರಣದ ನೆನಪು: ಆ ದಿನ ನೀರು 14 ಡಿಗ್ರಿ ಸೆಲ್ಸಿಯಸ್ ಇತ್ತು, ಮೂರು ದಿನಗಳಿಂದ ತೆಂಕಣ ಗಾಳಿ ಬೀಸಿ ಬೆಚ್ಚಗಿನ ನೀರನ್ನು ಆ ದಡಕ್ಕೆ ತಂದಿತ್ತು, ಮೊಟ್ಟೆ ಇಡಲು ಸಿದ್ಧವಾಗುತ್ತಿದ್ದ ಹೆಣ್ಣು ಮೀನುಗಳು ಹಳೆಯ ತೊರೆಯ ಪಾತ್ರ ಕೊಲ್ಲಿಯ ಬಾಯಿಗೆ ಹತ್ತಿರವಾಗುವ ಕಡೆ ತಂಗಿದ್ದವು ಎಂಬಂಥದ್ದು. ಜಾಗದ ನೆನಪು ವರ್ಷ ಕಳೆದಂತೆ ಸುಳ್ಳಾಗುತ್ತದೆ. 1980ರಲ್ಲಿ ನೀರು ತುಂಬಿಸಿದ ಲೇಕ್ ಫೋರ್ಕ್‌ನಲ್ಲಿ ಮುಳುಗಿದ ಮರಗಳು ಕೊಳೆತು ಬೀಳುತ್ತಲೇ ಇವೆ. ಒಂದು ವರ್ಷ ಹಬ್ಬಿದ್ದ ಜಲಸಸ್ಯ ಮರುವರ್ಷ ಇರುವುದಿಲ್ಲ. ನೀರಿನ ಮಟ್ಟ ಎರಡಡಿ ಇಳಿದರೂ ಮೀನಿನ ದಾರಿ ಬದಲಾಗುತ್ತದೆ. ಕಾರಣದ ನೆನಪಾದರೋ ನೋಡಿಯೇ ಇರದ ಸರೋವರದಲ್ಲೂ ಕೈಹಿಡಿಯುತ್ತದೆ.

ಐವತ್ತು ದಾಟಿದ ಗಾಳಗಾರರ ತೂಕ ಇಳಿದಾಗ ಅವರು ಮೊದಲು ದೂರುವುದು ದೇಹವನ್ನು. ನಾನು ಕಂಡಂತೆ ಹೆಚ್ಚಿನವರಲ್ಲಿ ಕಾರಣ ಬೇರೆಯೇ ಇರುತ್ತದೆ. ಅವರು ಬೆಳಿಗ್ಗೆ ದೋಣಿ ಬಿಟ್ಟೊಡನೆ ಹಳೆಯ ಜಾಗಗಳ ಪಟ್ಟಿಯನ್ನು ಹಿಡಿದು ಒಂದಾದ ಮೇಲೊಂದಕ್ಕೆ ಹೋಗುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಪಟ್ಟಿ ಮುಗಿಯುತ್ತದೆ, ನೀರು ಆ ದಿನ ಏನು ಹೇಳುತ್ತಿದೆ ಎಂದು ಕೇಳಲು ಸಮಯವೇ ಉಳಿದಿರುವುದಿಲ್ಲ. ಹತ್ತೊಂಬತ್ತರ ಹುಡುಗನಿಗೆ ಅಂಥ ಪಟ್ಟಿಯೇ ಇಲ್ಲ, ಆದ್ದರಿಂದ ಅವನು ಹುಡುಕುತ್ತಾನೆ. ಮೆಕಿನ್ನಿಯವರ ಗೆಲುವನ್ನು, ಆ ನಾಲ್ಕು ದಿನಗಳ 130 ಪೌಂಡ್ 15 ಔನ್ಸ್ ತೂಕವನ್ನು, ಬರೀ ಯಂತ್ರದ ಗೆಲುವು ಎಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗಾದರೆ ಉತ್ತಮ ವರ್ಷಗಳು ಯಾವುವು? ಕಾರಣದ ನೆನಪು ಸಾಕಷ್ಟು ಕೂಡಿಬಂದಿದ್ದು, ದೇಹ ಇನ್ನೂ ದಿನಪೂರ್ತಿ ನಿಲ್ಲಬಲ್ಲದ್ದಾಗಿದ್ದು, ಮನಸ್ಸು ಇನ್ನೂ ಹುಡುಕುವುದನ್ನು ಬಿಡದೆ ಇರುವ ವರ್ಷಗಳು. ವೃತ್ತಿಪರರಲ್ಲಿ ಇದು ಬಹಳ ಸಲ ಮೂವತ್ತರ ನಡುವಿನಿಂದ ನಲವತ್ತರ ನಡುವಿಗೆ ಕೂಡಿಬರುತ್ತದೆ. ಅವರು ಇಪ್ಪತ್ತರಲ್ಲಿ ಆರಂಭಿಸಿದವರು. ತಾವು ಆರಂಭಿಸಿದ್ದು ನಲವತ್ತರಲ್ಲಿ. ಆ ಲೆಕ್ಕಕ್ಕೆ ತಾವಿನ್ನೂ ಕಲಿಕೆಯ ನಡುಭಾಗದಲ್ಲಿದ್ದೀರಿ.

ಪ್ರಶ್ನೆ – ಶಾರ್ಲಟ್‌ನ ಸದಸ್ಯರಿಂದ

ಮೇಡಂ, ನಾನು 27 ವರ್ಷದವನು. ಮುಂದಕ್ಕೆ ನೋಡುವ ಸೋನಾರ್‌ನಿಂದಲೇ ಬ್ಯಾಸ್ ಹಿಡಿಯಲು ಕಲಿತವನು. ನಮ್ಮ ತಲೆಮಾರಿಗೆ ಅನುಭವದ ಅಗತ್ಯ ಇನ್ನೂ ಇದೆಯೇ? ಇದ್ದರೆ ಅದನ್ನು ಬೇಗ ಗಳಿಸಲು ದಾರಿ ಯಾವುದು?

ಉತ್ತರ

ಅಗತ್ಯ ಖಂಡಿತ ಇದೆ. ಗಾರ್ಮಿನ್ ಸಂಸ್ಥೆಯ ಲೈವ್‌ಸ್ಕೋಪ್ ಎಂಬ ಇಂಥ ಸೋನಾರ್ 2018ರಲ್ಲಿ ಬಂದ ಮೇಲೆ ತೆರೆದ ನೀರಿನಲ್ಲಿ ತೇಲಿ ನಿಂತ ಮೀನನ್ನು, ಅದು ಎರೆಯತ್ತ ತಿರುಗುವುದನ್ನು, ಬೆನ್ನಟ್ಟಿ ಬಂದು ಹಿಂದಿರುಗುವುದನ್ನು ಆ ಕ್ಷಣದಲ್ಲೇ ನೋಡಲು ಸಾಧ್ಯವಾಯಿತು. ಹಳಬರು ದಶಕಗಳ ಕಾಲ ಊಹಿಸುತ್ತಿದ್ದದ್ದು ತಮಗೆ ಒಂದು ಋತುವಿನಲ್ಲೇ ಕಣ್ಣಿಗೆ ಬಿದ್ದಿದೆ. ಇದು ಸಣ್ಣ ಲಾಭವಲ್ಲ. ಆದರೆ ಆ ಪರದೆ ತೋರಿಸುವುದು ದೋಣಿಯ ಮುಂದಿನ ನೂರಡಿಯ ಆಸುಪಾಸನ್ನು ಮಾತ್ರ. ಸಾವಿರಾರು ಎಕರೆಯ ಜಲಾಶಯದಲ್ಲಿ ಆ ನೂರಡಿಯನ್ನು ಎಲ್ಲಿ ಇಡಬೇಕೆಂದು ಅದು ಹೇಳುವುದಿಲ್ಲ. ದಟ್ಟ ಜೊಂಡಿನ ನಡುವೆ, ಎರಡು ಮೂರು ಅಡಿ ನೀರಿನಲ್ಲಿ ಅದರ ಉಪಯೋಗವೂ ಕಡಿಮೆ. ಸೇಂಟ್ ಜಾನ್ಸ್‌ನಂಥ ಆಳವಿಲ್ಲದ, ಹುಲ್ಲು ತುಂಬಿದ ನದಿ ಹಳಬರಿಗೆ ಒಲಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ. ದೊಡ್ಡ ಸ್ಪರ್ಧೆಗಳ ಆಯೋಜಕರೂ ಈ ಸೋನಾರ್ ಬಳಕೆಗೆ ಮಿತಿಗಳನ್ನು ಹಾಕತೊಡಗಿದ್ದಾರೆ.

ಬೇಗ ಕಲಿಯಲು ನಾನು ಹೇಳುವುದು ಇಷ್ಟೇ. ಪ್ರತಿ ಮೀನಿಗೂ ಜಾಗದ ಗುರುತಿನ ಜೊತೆಗೆ ನೀರಿನ ಉಷ್ಣತೆ, ತಿಳಿಯೋ ಕದಡಿದ್ದೋ, ಗಾಳಿಯ ದಿಕ್ಕು, ಆಳ, ಹೊಟ್ಟೆಯಿಂದ ಕಕ್ಕಿದ ಆಹಾರ ಯಾವುದು ಎಂಬುದನ್ನು ಬರೆದಿಡಿ. ಮೀನು ಸಿಗದ ದಿನವನ್ನೂ ಅಷ್ಟೇ ವಿವರವಾಗಿ ಬರೆಯಿರಿ. ಅನುಭವ ಇರುವವರ ದೋಣಿಯ ಹಿಂಭಾಗದಲ್ಲಿ ನಿಂತು ಗಾಳ ಹಾಕುವ ಅವಕಾಶ ಸಿಕ್ಕರೆ ಬಿಡಬೇಡಿ. ಅವರು ಎಲ್ಲಿ ಗಾಳ ಹಾಕಿದರು ಎಂಬುದಕ್ಕಿಂತ, ಒಂದು ಜಾಗವನ್ನು ಬಿಟ್ಟು ಹೊರಡಲು ಯಾವಾಗ ತೀರ್ಮಾನಿಸಿದರು ಮತ್ತು ಏಕೆ ಎಂದು ಕೇಳಿ ತಿಳಿದುಕೊಳ್ಳಿ. ಭುಜದ ವ್ಯಾಯಾಮವನ್ನು ನೋವು ಬರುವ ಮೊದಲೇ, ಈ ವಯಸ್ಸಿನಲ್ಲೇ ಆರಂಭಿಸಿ. ಪರದೆ ನೋಡುತ್ತಾ ಗಂಟೆಗಟ್ಟಲೆ ಬಗ್ಗಿ ನಿಂತು ಕತ್ತು ನೋವೆಂದು ನನ್ನ ಬಳಿಗೆ ಬರುವ ಯುವಕರ ಸಂಖ್ಯೆ ಈಗ ಹೆಚ್ಚುತ್ತಿದೆ. ಪರದೆಯನ್ನು ಕಣ್ಣಿನ ಮಟ್ಟಕ್ಕೆ ಸಾಧ್ಯವಾದಷ್ಟು ಎತ್ತರಿಸಿಕೊಳ್ಳಿ.

ಪ್ರಶ್ನೆ – ಹ್ಯೂಸ್ಟನ್‌ನ ಸದಸ್ಯರಿಂದ

ನಮ್ಮ ತಂದೆಯವರಿಗೆ 70 ವರ್ಷ. ಶಿವಮೊಗ್ಗದ ಕಡೆ ಹೊಳೆದಂಡೆಯಲ್ಲಿ ಎರೆಹುಳು ಸಿಕ್ಕಿಸಿ ಗಾಳ ಹಾಕುತ್ತಾ ಬೆಳೆದವರು. ಈ ಬೇಸಿಗೆಯಲ್ಲಿ ನಮ್ಮಲ್ಲಿಗೆ ಬರುತ್ತಿದ್ದಾರೆ. ಅವರನ್ನು ಬ್ಯಾಸ್ ದೋಣಿಯಲ್ಲಿ ಕರೆದೊಯ್ಯಬಹುದೇ? ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಾರೆ.

ಉತ್ತರ

ಅಗತ್ಯವಾಗಿ ಕರೆದೊಯ್ಯಿರಿ, ಆದರೆ ಕೆಲವು ಎಚ್ಚರಿಕೆಗಳಿರಲಿ. ರಕ್ತದೊತ್ತಡದ ಮಾತ್ರೆಗಳಲ್ಲಿ ಕೆಲವು ಮೂತ್ರವನ್ನು ಹೆಚ್ಚಿಸುವಂಥವು. ಟೆಕ್ಸಾಸ್‌ನ ಜುಲೈ ಬಿಸಿಲಿನಲ್ಲಿ ಅವುಗಳಿಂದ ದೇಹದ ನೀರು ಬೇಗ ಬತ್ತುತ್ತದೆ, ಮತ್ತು ವಯಸ್ಸಾದವರಿಗೆ ಬಾಯಾರಿಕೆ ತಡವಾಗಿ ತಿಳಿಯುತ್ತದೆ. ಹೊರಡುವ ಮೊದಲು ಅವರ ವೈದ್ಯರನ್ನು ವಿಚಾರಿಸಿ, ಬಾಯಾರಿಕೆಗೆ ಕಾಯದೆ ಆಗಾಗ ನೀರು ಕುಡಿಸಿ, ಬೆಳಿಗ್ಗೆ ಹತ್ತರೊಳಗೆ ದಡಕ್ಕೆ ಮರಳಿ. ಎತ್ತರದ ಮುಂಭಾಗದ ಡೆಕ್‌ನಲ್ಲಿ ನಿಲ್ಲಿಸಬೇಡಿ. ಕೂರುವ ಆಸನವೇ ಸಾಕು. ಎಂಜಿನ್ ಓಡುವಾಗ ಮಾತ್ರವಲ್ಲ, ದೋಣಿಯಲ್ಲಿರುವಷ್ಟು ಹೊತ್ತೂ ಲೈಫ್ ಜಾಕೆಟ್ ಅವರ ಮೈಮೇಲಿರಲಿ. 26 ಅಡಿಗಿಂತ ಚಿಕ್ಕ ಮೋಟಾರು ದೋಣಿ ವೇಗವಾಗಿ ಓಡುವಾಗ ಎಂಜಿನ್ ನಿಲ್ಲಿಸುವ ಸ್ವಿಚ್ಚಿನ ಹಗ್ಗವನ್ನು ಚಾಲಕ ತನಗೆ ಕಟ್ಟಿಕೊಂಡಿರಬೇಕೆಂದು 2021ರ ಏಪ್ರಿಲ್‌ನಿಂದ ಇಲ್ಲಿ ಕೇಂದ್ರದ ಕಾನೂನೇ ಇದೆ. ಹೊರರಾಜ್ಯದವರಿಗೆ ಕೊಡುವ, ಮೀನು ಹಿಡಿಯುವ ಒಂದು ದಿನದ ಲೈಸೆನ್ಸನ್ನೂ ಮರೆಯದೆ ಮಾಡಿಸಿ.

ಸಲಕರಣೆಯ ವಿಷಯದಲ್ಲಿ, ಬೀಸುವಾಗ ಹೆಬ್ಬೆರಳಿನಿಂದ ದಾರದ ಉರುಳೆಯನ್ನು ಹಿಡಿತದಲ್ಲಿಡಬೇಕಾದ ಬೈಟ್‌ಕಾಸ್ಟರ್ ರೀಲನ್ನು ಅವರ ಕೈಗೆ ಕೊಡಬೇಡಿ. ದಾರ ಸಿಕ್ಕುಗಟ್ಟಿದರೆ ಅರ್ಧ ಬೆಳಗು ಅದನ್ನು ಬಿಡಿಸುವುದರಲ್ಲೇ ಹೋಗುತ್ತದೆ. ಹಗುರವಾದ ಸ್ಪಿನ್ನಿಂಗ್ ಕೋಲಿಗೆ ಕಣ್ಣಿಗೆ ಎದ್ದು ಕಾಣುವ ಹಳದಿ ದಾರ ಸುತ್ತಿ, ತುದಿಗೆ ಕೆಲವು ಅಡಿ ಪಾರದರ್ಶಕ ದಾರ ಕಟ್ಟಿ, ಐದಂಗುಲದ ಮೃದು ಪ್ಲಾಸ್ಟಿಕ್ ಹುಳುವನ್ನು ನಡುವಿಗೆ ಕೊಕ್ಕೆ ಸಿಕ್ಕಿಸಿ ಕೊಡಿ. ನೀರಿಗೆ ಬಿದ್ದ ಮೇಲೆ ಅದನ್ನು ಎಳೆಯಬೇಕಾಗಿಲ್ಲ, ತಾನಾಗಿ ಇಳಿಯಲು ಬಿಟ್ಟು ದಾರವನ್ನು ನೋಡುತ್ತಿದ್ದರಾಯಿತು. ಹೊಳೆದಂಡೆಯಲ್ಲಿ ಬೆಳೆದವರಿಗೆ ಆ ಕೆಲಸ ಹೊಸದಲ್ಲ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಟ್ಟರೆ ಮೀನನ್ನು ಬಿಡಿಸಿ ನೀರಿಗೆ ಮರಳಿಸುವುದೂ ಅವರಿಗೆ ಸುಲಭವಾಗುತ್ತದೆ.