ಪದಚರ್ಚೆ: ಪ್ಲಾಸ್ಮಾದಲ್ಲಿ ತಗಡು ಕತ್ತರಿಸುವುದೋ, ಕೊಯ್ಯುವುದೋ?

ಎಲ್ಲರಿಗೂ ನಮಸ್ಕಾರ.

ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಗೆಳೆಯರೊಬ್ಬರ ಫ್ಯಾಬ್ರಿಕೇಶನ್ ಶೆಡ್ ಇದೆ. ಟ್ರ್ಯಾಕ್ಟರ್ ಟ್ರಾಲಿ, ಗೇಟು, ಟ್ಯಾಂಕು, ಸಕ್ಕರೆ ಕಾರ್ಖಾನೆಗಳ ಬಿಡಿ ಕೆಲಸ ಎಲ್ಲ ಮಾಡುತ್ತಾರೆ. ಅಲ್ಲಿಗೆ ಈಗ ಕೈಯಲ್ಲಿ ಹಿಡಿದು ನಡೆಸುವ ಪ್ಲಾಸ್ಮಾ ಕಟರ್ ಬಂದಿದೆ. ಐಟಿಐ ಮುಗಿಸಿ ಬರುವ ಹುಡುಗರಿಗಾಗಿ ಗೋಡೆಗೆ ಅಂಟಿಸಲು ಒಂದು ಕನ್ನಡ ಹಾಳೆ ಬರೆದುಕೊಡಿ ಅಂತ ಅವರು ಕೇಳಿದ್ದಾರೆ. ಮಷಿನ್ ಜೊತೆ ಬಂದ ಪುಸ್ತಕ ಇಂಗ್ಲಿಷಿನಲ್ಲಿದೆ. ಬರೆಯುತ್ತಾ ಹೋದಂತೆ ಕೆಲವು ಪದ ತಾನಾಗೇ ಬಂದವು, ಕೆಲವು ಎಷ್ಟು ಹುಡುಕಿದರೂ ಕೂರಲಿಲ್ಲ. ಅವನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪ್ಲಾಸ್ಮಾ, ಟಾರ್ಚ್ (ಮಷಿನ್ನಿನ ಕೈಯಲ್ಲಿ ಹಿಡಿಯುವ ಭಾಗ), ನಾಜಲ್ (ಅದರ ತುದಿಯ ಸಣ್ಣ ತೂತಿನ ಬಿಡಿಭಾಗ), ಕಂಪ್ರೆಸರ್, ಆಂಪಿಯರ್ ಇವನ್ನು ಬದಲಿಸುವ ಆಸೆ ನನಗಿಲ್ಲ. ಹುಡುಗರು ಅಂಗಡಿಗೆ ಹೋಗಿ ನಾಜಲ್ ಅಂತಲೇ ಕೇಳಬೇಕು, ಅಲ್ವಾ? ಪ್ಲಾಸ್ಮಾ ಅಂದರೆ ಈಗಲೂ ಕೆಲವರಿಗೆ 2020ರ ಕೊರೊನಾ ಕಾಲದ ರಕ್ತದ ಪ್ಲಾಸ್ಮಾ ನೆನಪಾಗುತ್ತದೆ. ಇದು ಬೇರೆ. ವಿದ್ಯುತ್ ಹರಿದು ಕಾದು, ತಾನೇ ವಿದ್ಯುತ್ ಹರಿಸುವಂತಾದ ಅನಿಲ. 1928ರಲ್ಲಿ ಅಮೆರಿಕದ ವಿಜ್ಞಾನಿ ಅರ್ವಿಂಗ್ ಲ್ಯಾಂಗ್‌ಮ್ಯೂರ್ ಆ ಹೆಸರಿಟ್ಟರು. ಹಾಳೆಯಲ್ಲಿ ಇದಕ್ಕೆ ಒಂದೇ ಸಾಲು ಸಾಕು. ನನಗೆ ಬೇಕಿರುವುದು ಕೈ ಮಾಡುವ ಕೆಲಸದ ಪದಗಳು, ಕಣ್ಣು ನೋಡಿ ಅಳೆಯುವ ಸಂಗತಿಯ ಪದಗಳು. ಅವು ನಮ್ಮ ಮಾತಿನಲ್ಲೇ ಇರಬೇಕು, ಇವೆ ಕೂಡ ಅಂತ ನನ್ನ ನಂಬಿಕೆ.

ಮೊದಲ ತೊಡಕು ಕ್ರಿಯಾಪದದ್ದೇ. ಪಠ್ಯಗಳಲ್ಲಿ ಎಲ್ಲದಕ್ಕೂ "ಕತ್ತರಿಸು". ನಮ್ಮ ಕಡೆ ಹಾಗಲ್ಲ. ಕಬ್ಬು ಕಡಿಯುತ್ತೇವೆ, ಜೋಳ ಕೊಯ್ಯುತ್ತೇವೆ, ಕಾಯಿಪಲ್ಯ ಹೆಚ್ಚುತ್ತೇವೆ, ಕಟ್ಟಿಗೆ ಒಡೆಯುತ್ತೇವೆ, ಅರಿವೆ ಕತ್ತರಿಸುತ್ತೇವೆ. ಕತ್ತರಿಸು ಅಂದರೆ ಎರಡು ಅಲಗು ಒಂದರ ಪಕ್ಕ ಒಂದು ಸರಿದು ನಡುವಿನದ್ದು ತುಂಡಾಗುವುದು. ಶೀಟ್ ಕತ್ತರಿಸುವ ಶಿಯರಿಂಗ್ ಮಷಿನ್‌ಗೆ ಆ ಮಾತು ಸರಿ. ಪ್ಲಾಸ್ಮಾ ಟಾರ್ಚ್‌ಗೆ ಅಲಗೇ ಇಲ್ಲ. ಗೆರೆ ಹಿಡಿದು ಒಂದೇ ವೇಗದಲ್ಲಿ ಸಾಗಬೇಕು. ಸಾಗಿದ ದಾರಿಯ ಲೋಹ ಕರಗಿ ಕೆಳಗೆ ಹಾರಿಹೋಗುತ್ತದೆ. ಇದಕ್ಕೆ ಹತ್ತಿರದ ಕೆಲಸ ಗರಗಸದ್ದು, ಅಲ್ಲಿಯೂ ಹಲ್ಲು ಹೋದ ದಾರಿಯ ಮರ ಪುಡಿಯಾಗಿ ಉದುರುತ್ತದೆ. ಗರಗಸದಲ್ಲಿ ಮರ "ಕೊಯ್ಯು"ತ್ತಾರೆ. ಹಾಗಾಗಿ ನಾನು "ಪ್ಲಾಸ್ಮಾದಲ್ಲಿ ಕೊಯ್ಯುವುದು" ಅಂತ ಬರೆದಿದ್ದೇನೆ.

ಶೆಡ್ಡಿನಲ್ಲಿ ಕೇಳುವ ಮಾತು ಇವೆರಡೂ ಅಲ್ಲ. "ಏ, ಇದಕ್ಕ ಗ್ಯಾಸ್ ಬ್ಯಾಡ, ಪ್ಲಾಸ್ಮಾ ಹೊಡಿ" ಅಂತಾರೆ. ವೆಲ್ಡಿಂಗ್ ಹೊಡಿ, ಗ್ಯಾಸ್ ಹೊಡಿ, ಬಣ್ಣ ಹೊಡಿ, ಎಲ್ಲಕ್ಕೂ ಹೊಡಿ. ಕಿವಿಗೆ ಚೆಂದ, ಆದರೆ ಅದರಲ್ಲಿ ಯಾವ ಕೆಲಸ ಅನ್ನೋದು ಹೊರಡುವುದಿಲ್ಲ. ಗ್ಯಾಸ್‌ಗೂ ಪ್ಲಾಸ್ಮಾಗೂ ಇರುವ ವ್ಯತ್ಯಾಸ ಹುಡುಗರಿಗೆ ತಿಳಿಯಲೇಬೇಕು. ಗ್ಯಾಸ್ ಕಟಿಂಗಿನಲ್ಲಿ ಮೊದಲು ಕಬ್ಬಿಣವನ್ನು ಕೆಂಪಗೆ, ಸುಮಾರು 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತಾರೆ. ಆಮೇಲೆ ಆಕ್ಸಿಜನ್ ಬಿಟ್ಟರೆ ಕಬ್ಬಿಣವೇ ಉರಿಯುತ್ತದೆ. ಅಂದರೆ ಅದು ನಿಜವಾಗಿ ಸುಡುವ ಕೆಲಸ. ಸ್ಟೇನ್‌ಲೆಸ್ ಸ್ಟೀಲ್‌ಗೆ ಈ ದಾರಿ ನಡೆಯುವುದಿಲ್ಲ, ಯಾಕೆಂದರೆ ಅದರ ಮೇಲೆ ಏಳುವ ಕ್ರೋಮಿಯಂ ಆಕ್ಸೈಡಿನ ಪದರ ಸುಲಭಕ್ಕೆ ಕರಗದೆ ಅಡ್ಡ ನಿಲ್ಲುತ್ತದೆ. ಅಲ್ಯೂಮಿನಿಯಂ ಕತೆಯೂ ಹೆಚ್ಚುಕಮ್ಮಿ ಹಾಗೇ. ಪ್ಲಾಸ್ಮಾ ಲೋಹ ಉರಿಯಲಿ ಅಂತ ಕಾಯುವುದಿಲ್ಲ. ಕಬ್ಬಿಣ ಕರಗುವುದು 1,538 ಡಿಗ್ರಿಗೆ. ನಾಜಲಿನ ಸಣ್ಣ ತೂತಿನಿಂದ ಹೊರಡುವ ಪ್ಲಾಸ್ಮಾ 20,000 ಡಿಗ್ರಿ ಆಸುಪಾಸು ಇರುತ್ತದೆ. ವಿದ್ಯುತ್ ಹರಿಯುವ ಯಾವ ಲೋಹವಾದರೂ ಸರಿ, ಕರಗಿಸಿ ಊದಿಬಿಡುತ್ತದೆ. ಅದಕ್ಕೇ ಹಾಳೆಯಲ್ಲಿ "ಗ್ಯಾಸ್: ಸುಟ್ಟು ಕೊಯ್ಯುವುದು, ಪ್ಲಾಸ್ಮಾ: ಕರಗಿಸಿ ಕೊಯ್ಯುವುದು" ಅಂತ ಎರಡು ಸಾಲು ಹಾಕಿದ್ದೇನೆ. ಕಾರ್ಖಾನೆಯಿಂದ ಸ್ಟೇನ್‌ಲೆಸ್ ಪೈಪು ಬಂದಾಗ ಗ್ಯಾಸ್ ಹಿಡಿದು ಒದ್ದಾಡುವ ಹುಡುಗನಿಗೆ ಈ ಎರಡು ಸಾಲೇ ಕಾರಣ ಹೇಳುತ್ತವೆ.

ಕೊಯ್ದ ಮೇಲೆ ಉಳಿಯುವ ಸಣ್ಣ ಜಾಗಕ್ಕೆ "ಕೊಯ್ತದ ಸಂದು" ಅಂದಿದ್ದೇನೆ. ಸಣ್ಣ ಮಷಿನ್‌ನಲ್ಲಿ ಇದು ಹೆಚ್ಚುಕಮ್ಮಿ ಒಂದೂವರೆ ಮಿಲಿಮೀಟರ್. ಗೆರೆಯ ಮೇಲೇ ನಡುಮಧ್ಯ ಟಾರ್ಚ್ ಓಡಿಸಿದರೆ ಬೇಕಾದ ತುಂಡು ಆ ಬದಿಯಲ್ಲಿ ಈ ಸಂದಿನ ಅರ್ಧದಷ್ಟು ಕಮ್ಮಿಯಾಗುತ್ತದೆ. ದುಂಡಗಿನ ಬಿಲ್ಲೆ ಬೇಕಾದರೆ ಗೆರೆಯ ಹೊರಗೆ ಸರಿದಿರಬೇಕು, ತೂತು ಬೇಕಾದರೆ ಒಳಗೆ. ಬಡಗಿಗಳಲ್ಲಿ ಗರಗಸದ ಸಂದಿಗೆ ಬೇರೆ ಮಾತು ಖಂಡಿತ ಇರಬೇಕು. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಎರಡನೆಯದು ನನಗೆ ತುಂಬಾ ಮುಖ್ಯವಾದ ಪ್ರಶ್ನೆ: "ಹಚ್ಚು". ನಮ್ಮ ಕಡೆ ದೀಪ ಹಚ್ಚುತ್ತಾರೆ, ಬಣ್ಣ ಹಚ್ಚುತ್ತಾರೆ, ಕ್ಲಿಪ್ ಹಚ್ಚುತ್ತಾರೆ, ಮಷಿನ್ನೂ ಹಚ್ಚುತ್ತಾರೆ. ಹೊತ್ತಿಸುವುದು, ತಾಗಿಸುವುದು, ಜೋಡಿಸುವುದು, ಶುರು ಮಾಡುವುದು ಎಲ್ಲ ಅದರಲ್ಲೇ ಇದೆ. "ಟಾರ್ಚ್ ಹಚ್ಚಿ" ಅಂತ ಗೋಡೆ ಮೇಲೆ ಬರೆದರೆ ಏನರ್ಥ? ಪ್ಲೇಟಿಗೆ ತಾಗಿಸು ಅಂತಲೋ, ಆರ್ಕ್, ಅಂದರೆ ಟಾರ್ಚಿನ ತುದಿಯ ವಿದ್ಯುತ್ ಉರಿ, ಹೊತ್ತಿಸು ಅಂತಲೋ? ಒಬ್ಬ ಗಾಳಿಯಲ್ಲೇ ಹೊತ್ತಿಸಿಕೊಂಡು ಆಮೇಲೆ ಪ್ಲೇಟಿನ ಹತ್ತಿರ ತರುತ್ತಾನೆ. ಹಾಗೆ ಸುಮ್ನೆ ಗಾಳಿಯಲ್ಲಿ ಉರಿಸಿದಷ್ಟೂ ನಾಜಲ್, ಎಲೆಕ್ಟ್ರೋಡ್ ಬೇಗ ಸವೆಯುತ್ತವೆ. ಇನ್ನೊಬ್ಬ ಬರೀ ನಾಜಲನ್ನೇ ಪ್ಲೇಟಿಗೆ ಒತ್ತಿ ಹಿಡಿಯುತ್ತಾನೆ. ಆಗ ಆರ್ಕ್ ನಾಜಲ್ ಮೂಲಕವೇ ಹರಿದು ಅದರ ತೂತು ಹಾಳಾಗುತ್ತದೆ. ಟಾರ್ಚಿನ ತುದಿಗೆ ಕವಚ ಇದ್ದರೆ ಪ್ಲೇಟಿಗೆ ತಾಗಿಸಿಕೊಂಡೇ ಎಳೆಯಬಹುದು. ಕವಚ ಇಲ್ಲದಿದ್ದರೆ ಎರಡು–ಮೂರು ಮಿಲಿಮೀಟರ್ ಅಂತರ ಬಿಡಬೇಕು. ಆದ್ದರಿಂದ ಹಾಳೆಯಲ್ಲಿ ಟಾರ್ಚಿನ ವಿಷಯಕ್ಕೆ ಹಚ್ಚು ಅನ್ನುವುದನ್ನು ಪೂರ್ತಿ ಬಿಟ್ಟಿದ್ದೇನೆ. ತಾಗಿಸು, ಹೊತ್ತಿಸು, ಎಳೆ ಅಂತ ಬೇರೆ ಬೇರೆ ಬರೆದಿದ್ದೇನೆ. ಧಾರವಾಡ, ಬೆಳಗಾವಿ ಕಡೆಯ ಓದುಗನಿಗೆ "ಹೊತ್ತಿಸು" ಪುಸ್ತಕದ ಮಾತು ಅನಿಸುತ್ತದೆಯೇ? ಅದೊಂದು ಅನುಮಾನ ಉಳಿದಿದೆ.

ಕೊಯ್ಯುವುದನ್ನು ಪ್ಲೇಟಿನ ಅಂಚಿನಿಂದ ಶುರು ಮಾಡುವುದು ಸುಲಭ. ನಡುವೆಯೇ ಶುರು ಮಾಡಬೇಕಾದರೆ ಮೊದಲು ತೂತು ಕೆಡವಬೇಕು. ಆಗ ಟಾರ್ಚನ್ನು ನೆಟ್ಟಗೆ ಹಿಡಿಯಬಾರದು. ವಾರೆಯಾಗಿ ಹಿಡಿದು ಹೊತ್ತಿಸಿ, ನಿಧಾನಕ್ಕೆ ನೆಟ್ಟಗೆ ಮಾಡಬೇಕು. ಇಲ್ಲದಿದ್ದರೆ ಕರಗಿದ ಲೋಹ ನೇರ ನಾಜಲಿಗೇ ವಾಪಸ್ ಚಿಮ್ಮುತ್ತದೆ. "ವಾರೆ", "ನೆಟ್ಟಗೆ", "ತೂತು ಕೆಡವು" ಈ ಮೂರಕ್ಕೂ ನಾನು ಯಾರನ್ನೂ ಕೇಳಬೇಕಾಗಲಿಲ್ಲ. ಕೋನ, ಲಂಬ, ರಂಧ್ರ ಅಂತ ಬರೆದಿದ್ದರೆ ಹುಡುಗರು ಒಂದು ಕ್ಷಣ ನಿಂತು ಯೋಚಿಸಬೇಕಾಗುತ್ತಿತ್ತು.

ಈಗ "ಕಿಟ್ಟ". ಕೊಯ್ದ ತುಂಡನ್ನು ತಿರುಗಿಸಿ ನೋಡಿದರೆ ಕೆಳ ಅಂಚಿಗೆ ಕರಗಿದ ಲೋಹ ಹತ್ತಿ ಗಟ್ಟಿಯಾಗಿರುತ್ತದೆ. ಶೆಡ್ಡಿನಲ್ಲಿ ಇದಕ್ಕೆ ಕಚರಾ ಅನ್ನುತ್ತಾರೆ, ಒಬ್ಬೊಬ್ಬರು ಸ್ಲ್ಯಾಗ್ ಅನ್ನುತ್ತಾರೆ. ಕಚರಾ ಅಂದರೆ ನೆಲದ ಮೇಲಿನ ಕಸವೂ ಆಯಿತು. ಸ್ಲ್ಯಾಗ್ ಅಂದರೆ ವೆಲ್ಡಿಂಗ್ ಮೇಲಿನ ಹೊಟ್ಟು. ಕಿಟ್ಟ ಹಳೆಯ ಪದ. ಕಬ್ಬಿಣ ಕಾಯಿಸಿ ಬಡಿದಾಗ ಬಿಡುವ ಮಲಕ್ಕೆ ಕಬ್ಬಿಣದ ಕಿಟ್ಟ ಅಂತಲೇ ಹೆಸರು. ಎಣ್ಣೆ ಕಿಟ್ಟ ಅನ್ನುವ ಮಾತು ಇವತ್ತಿಗೂ ಬದುಕಿದೆ. ಅದನ್ನು ಇಲ್ಲಿಗೆ ತರಬೇಕು ಅಂತ ನನಗೆ ಗಟ್ಟಿಯಾಗಿ ಅನಿಸುತ್ತದೆ.

ಯಾಕೆಂದರೆ ಕಿಟ್ಟದಲ್ಲಿ ಎರಡು ಜಾತಿ ಇದೆ, ಅವನ್ನು ನೋಡಿಯೇ ಕೈಯ ವೇಗ ತಿದ್ದಿಕೊಳ್ಳಬೇಕು. ಟಾರ್ಚ್ ನಿಧಾನ ಹೋದರೆ ದಪ್ಪನೆಯ, ಗುಳ್ಳೆಗುಳ್ಳೆಯ ಕಿಟ್ಟ ಕಟ್ಟುತ್ತದೆ, ಬೆಲ್ಲದ ಪಾಕ ಉಕ್ಕಿ ಕೊಪ್ಪರಿಗೆಯ ಅಂಚಿಗೆ ಹತ್ತಿ ಆರಿದ ಹಾಗೆ. ಸುತ್ತಿಗೆಯಲ್ಲಿ ತಟ್ಟಿದರೆ, ಛಿನ್ನಿ ತಾಗಿಸಿದರೆ ಉದುರುತ್ತದೆ. ತೀರಾ ಜೋರಾಗಿ ಹೋದರೆ ಸಣ್ಣಗೆ, ಗೆರೆಯಂತೆ, ಕಲ್ಲಿನಷ್ಟು ಗಟ್ಟಿ ಕಿಟ್ಟ ಕೂರುತ್ತದೆ. ಅದು ಗ್ರೈಂಡರ್ ಹಿಡಿಯದೆ ಬಿಡುವುದಿಲ್ಲ. ಮೊದಲನೆಯದಕ್ಕೆ "ಹುರುಕು ಕಿಟ್ಟ", ಎರಡನೆಯದಕ್ಕೆ "ಕಲ್ಲುಕಿಟ್ಟ" ಅಂತ ಬರೆದುಕೊಂಡಿದ್ದೇನೆ. ಕಲ್ಲುಕಿಟ್ಟ ನನಗೆ ಹಿಡಿಸಿದೆ. ಹುರುಕು ಅನ್ನುವುದರಲ್ಲಿ ಚರ್ಮರೋಗದ ಹುರುಕಿನ ನೆನಪು ಬರುತ್ತದೆ, ಇನ್ನೊಂದು ಪದ ಸಿಕ್ಕರೆ ಬದಲಿಸುತ್ತೇನೆ. "ಬುರುಗು ಕಿಟ್ಟ" ಆಗಬಹುದೇ?

ವೇಗ ಸರಿ ಇದೆಯೋ ಇಲ್ಲವೋ ಅಂತ ಕೊಯ್ಯುವಾಗಲೇ ಹೇಳುವುದು ಕಿಡಿ. ಪ್ಲೇಟಿನ ಕೆಳಗೆ ಕಿಡಿಗಳು ತುಸು ಹಿಂದಕ್ಕೆ ಬಾಗಿ ಬೀಳುತ್ತಿದ್ದರೆ ಹದ. ಹಿಂದಕ್ಕೆ ತುಂಬಾ ಬಾಗಿದರೆ ವೇಗ ಜಾಸ್ತಿ. ಮೇಲಕ್ಕೇ ಚಿಮ್ಮಿದರೆ ಪ್ಲೇಟು ತೂರಿಹೋಗಿಲ್ಲ ಅಂತ ಅರ್ಥ. ಇಂಗ್ಲಿಷ್ ಪುಸ್ತಕ ಇದಕ್ಕೆ ಉದ್ದದ ವಿವರಣೆ ಕೊಡುತ್ತದೆ. "ಹದ" ಅನ್ನುವ ಒಂದೇ ಪದ ನಮ್ಮಲ್ಲಿ ಆ ಕೆಲಸ ಮಾಡುತ್ತದೆ.

"ಅರ್ಥ್" ಬಗ್ಗೆ ನಿಮ್ಮ ಅಭಿಪ್ರಾಯ ಬೇಕೇಬೇಕು. "ಅರ್ಥ್ ಬರೋಬ್ಬರಿ ಹಚ್ಚೀ ಏನ?" ಅಂತ ದಿನಾ ಕೇಳುವ ಮಾತು. ಪ್ಲೇಟಿಗೆ ಕಚ್ಚಿಸುವ ಆ ಕ್ಲಾಂಪಿನ ಕೆಲಸ ಆರ್ಕ್ ಮೂಲಕ ಹರಿದ ವಿದ್ಯುತ್ತನ್ನು ಮಷಿನ್‌ಗೆ ವಾಪಸ್ ತರುವುದು. ಜೀವ ಕಾಯುವ ಅರ್ಥಿಂಗ್ ಬೇರೆಯೇ, ಅದು ಮಷಿನ್ನಿನ ಮೈಗೆ, ಗೋಡೆಯ ಸಾಕೆಟ್ಟಿಗೆ ಸೇರಿದ್ದು. ಎರಡಕ್ಕೂ ಒಂದೇ ಹೆಸರಿದ್ದರೆ, ಕ್ಲಾಂಪ್ ಕಚ್ಚಿಸಿದ ಹುಡುಗ ಅರ್ಥಿಂಗ್ ಆಯಿತು ಅಂತ ನಿಶ್ಚಿಂತೆಯಿಂದ ಇರುತ್ತಾನೆ. ಈ ಮಷಿನ್‌ನಲ್ಲಿ ವೋಲ್ಟೇಜ್ ಸಾಮಾನ್ಯ ವೆಲ್ಡಿಂಗ್ ಮಷಿನ್‌ಗಿಂತ ಬಹಳ ಜಾಸ್ತಿ. ಕೊಯ್ಯದೆ ಸುಮ್ಮನಿದ್ದಾಗ 200 ವೋಲ್ಟ್ ದಾಟಿರುವುದು ಸಾಮಾನ್ಯ. ನಾಜಲ್ ಬದಲಿಸುವ ಮೊದಲು ಸ್ವಿಚ್ ಆರಿಸಲೇಬೇಕು. ಹಾಗಾಗಿ ಕ್ಲಾಂಪಿನದ್ದಕ್ಕೆ ನಾನು "ವಾಪಸ್ ವೈರು" ಅಂತ ಬರೆದಿದ್ದೇನೆ. ಜಂಗು, ಬಣ್ಣ ಕೆರೆದು, ಬರೀ ಲೋಹ ಕಂಡಲ್ಲಿ ವಾಪಸ್ ವೈರು ಕಚ್ಚಿಸಿ ಅಂತ. ಶೆಡ್ಡಿನ ಹಿರಿಯ ವೆಲ್ಡರ್ ಒಬ್ಬರು ಇದನ್ನು ಓದಿ ಒಪ್ಪಿದರು. ಅವರ ಮನೆಮಾತು ಮರಾಠಿ, "ವಾಪಸ್" ಇಬ್ಬರಿಗೂ ತಿಳಿಯುವ ಪದ.

ಎಲೆಕ್ಟ್ರೋಡ್ ಅನ್ನುವುದಕ್ಕೂ ಇಂಥದೇ ಗೊಂದಲ ಇದೆ. ವೆಲ್ಡರ್‌ಗೆ ಎಲೆಕ್ಟ್ರೋಡ್ ಅಂದರೆ ಕರಗಿ ಬೆಸುಗೆಗೆ ಸೇರುವ ರಾಡ್. ಟಾರ್ಚಿನೊಳಗಿನದ್ದು ಬೆರಳ ತುದಿಯಷ್ಟಿನ ತಾಮ್ರದ ತುಂಡು, ಅದರ ನೆತ್ತಿಯಲ್ಲಿ ಹಾಫ್ನಿಯಂ ಲೋಹದ ಚುಕ್ಕೆ. ಸವೆದಂತೆ ಆ ಚುಕ್ಕೆ ಗುಳಿ ಬೀಳುತ್ತದೆ, ಗುಳಿ ಒಂದೂವರೆ ಮಿಲಿಮೀಟರ್ ಆಳವಾದರೆ ಬದಲಿಸಬೇಕು. ಪಠ್ಯದ "ವಿದ್ಯುದ್ವಾರ" ಇಲ್ಲಿ ನಡೆಯುವುದಿಲ್ಲ. "ಒಳಗಿನ ಎಲೆಕ್ಟ್ರೋಡ್" ಅಂತ ಬರೆದು ಮುಂದೆ ಹೋಗಿದ್ದೇನೆ.

ಗಾಳಿಯ ವಿಷಯದಲ್ಲಿ ಒಂದು ಹೊಸ ಪದ ಕಟ್ಟಿದ್ದೇನೆ. ಟ್ರಿಗರ್ ಬಿಟ್ಟ ಮೇಲೂ ಸ್ವಲ್ಪ ಹೊತ್ತು ಗಾಳಿ ಬರುತ್ತಲೇ ಇರುತ್ತದೆ, ಟಾರ್ಚ್ ತಣಿಯಲಿ ಅಂತ. ಕೆಲಸ ಮುಗಿಯಿತು ಅಂತ ಆಗಲೇ ಕಂಪ್ರೆಸರ್ ಆರಿಸಬಾರದು. ಮುಂಗಾರು, ಹಿಂಗಾರು ಇದ್ದ ಹಾಗೆ ಇದಕ್ಕೆ "ಹಿಂಗಾಳಿ" ಅಂದರೆ ಹೇಗೆ? ಬೆನ್ನಿಗೆ ಬೀಸುವ ಗಾಳಿ ಅಂತ ಯಾರಾದರೂ ತಿಳಿದಾರೇ? ಇನ್ನೊಂದು, ಕಂಪ್ರೆಸರ್ ಗಾಳಿಯಲ್ಲಿ ನೀರಿನ ಪಸೆ ಇರಬಾರದು. ಬೆಳಗಾವಿಯ ಜುಲೈ ಮಳೆಯಲ್ಲಿ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುವುದು ಗ್ಯಾರಂಟಿ, ದಿನಾ ಕೆಳಗಿನ ನಲ್ಲಿ ತೆರೆದು ಬಿಡಬೇಕು. ಇಲ್ಲದಿದ್ದರೆ ಆರ್ಕ್ ಉಗುಳಿ ಉಗುಳಿ ಉರಿಯುತ್ತದೆ, ಒಳಗಿನ ಎಲೆಕ್ಟ್ರೋಡ್ ಬೇಗ ಹೋಗುತ್ತದೆ. "ಒಣಗಾಳಿ ಬಳಸಿ" ಅಂತ ಬರೆದಿದ್ದೆ. ವಿಜಯಪುರದ ಗೆಳತಿ ಓದಿ, ನಮಗೆ ಒಣಗಾಳಿ ಅಂದರೆ ಬೇಸಿಗೆಯ ಬಿಸಿ ಗಾಳಿ ಅಂದಳು. ಈಗ "ಪಸೆ ಇಲ್ಲದ ಗಾಳಿ" ಅಂತ ಮಾಡಿದ್ದೇನೆ.

ಎಚ್ಚರಿಕೆಯ ಸಾಲುಗಳಿಗೆ ಪದದ ತಂಟೆ ಬರಲಿಲ್ಲ. ಕಣ್ಣಿಗೆ 40 ಆಂಪಿಯರ್‌ವರೆಗೆ 5ನೇ ನಂಬರ್ ಕಪ್ಪು ಗಾಜು, 60ರವರೆಗೆ 6, ಅದಕ್ಕಿಂತ ಮೇಲೆ 8. ಸತುವಿನ ಲೇಪ ಇರುವ ಜಿಐ ಪೈಪು ಕೊಯ್ಯುವಾಗ ಹೊಗೆ ಕುಡಿಯಬೇಡಿ, ಸಂಜೆಗೆ ಚಳಿಜ್ವರ ಬರುತ್ತದೆ. ಎಣ್ಣೆ, ಡೀಸೆಲ್ ಇದ್ದ ಮುಚ್ಚಿದ ಡ್ರಮ್ ಕೊಯ್ಯಲೇಬೇಡಿ, ಸಿಡಿಯುತ್ತದೆ.

ಕೊನೆಯದಾಗಿ ಟ್ರಿಗರ್. ಬಂದೂಕಿನ ಟ್ರಿಗರ್ ಭಾಗಕ್ಕೆ ಕನ್ನಡದಲ್ಲಿ "ಕುದುರೆ" ಅನ್ನುವ ಮಾತಿದೆ, ಮರಾಠಿಯಲ್ಲೂ ಘೋಡಾ ಅನ್ನುತ್ತಾರೆ. ಟಾರ್ಚಿಗೆ "ಕುದುರೆ ಒತ್ತಿ" ಅಂತ ಬರೆಯಲು ನನಗೆ ಆಸೆ ಇದೆ. ಆದರೆ ಅದು ಗನ್ನಿನ ಯಾವ ಭಾಗ, ಬೆರಳು ಎಳೆಯುವುದೋ, ಹಿಂದೆ ಬಡಿಯುವ ಸುತ್ತಿಗೆಯಂಥದ್ದೋ, ಬಳಕೆಯಲ್ಲಿ ಎರಡೂ ಬೆರೆತಂತೆ ಕಾಣುತ್ತದೆ. ಬಾಗಲಕೋಟೆ, ಜಮಖಂಡಿ, ಮುಧೋಳ ಕಡೆಯ ವರ್ಕ್‌ಶಾಪಿನಲ್ಲಿ ಸ್ಪ್ರೇ ಗನ್‌ಗೋ, ಡ್ರಿಲ್ ಮಷಿನ್‌ಗೋ ಕುದುರೆ ಅನ್ನುವುದನ್ನು ಯಾರಾದರೂ ಕಿವಿಯಾರೆ ಕೇಳಿದ್ದೀರಾ? ಕೇಳಿದ್ದರೆ ಹಾಗೇ ಬರೆಯುತ್ತೇನೆ, ಇಲ್ಲದಿದ್ದರೆ ಟ್ರಿಗರ್ ಅಂತಲೇ ಬಿಡುತ್ತೇನೆ.