ಗುರುವಿನ ಮೇಲೆ ಚಂದ್ರರ ನೆರಳು ನೋಡೋಕೆ ಯಾವ ಟೆಲಿಸ್ಕೋಪ್? ಅನುಭವ ಹೇಳಿ

ಪ್ರಶ್ನೆ, ಶಿವಮೊಗ್ಗದಿಂದ: ನನ್ನ ಹತ್ತಿರ 70 ಎಂಎಂ ರಿಫ್ರ್ಯಾಕ್ಟರ್ (70 ಎಂಎಂ ಅಗಲದ ಮಸೂರ ಇರುವ ಟೆಲಿಸ್ಕೋಪ್) ಇದೆ. ಗುರುವಿನ ನಾಲ್ಕು ಚಂದ್ರರು ಚೆನ್ನಾಗಿ ಕಾಣುತ್ತವೆ. ಅವುಗಳ ನೆರಳು ಗ್ರಹದ ಮೇಲೆ ಹಾಯುವುದು ಮಾತ್ರ ಇನ್ನೂ ಕಂಡಿಲ್ಲ. 30 ಸಾವಿರದೊಳಗೆ ಏನು ತಗೊಳ್ಳಲಿ? ತಾರಸಿ ಇದೆ, ಎದುರಿಗೇ ಬೀದಿದೀಪ.

ಬೆಂಗಳೂರು: 30 ಸಾವಿರಕ್ಕೆ ನಿಲ್ಲಬೇಡಿ. ನನ್ನ 8 ಇಂಚಿನ ಡಾಬ್ಸೋನಿಯನ್‌ಗೆ (ಮಸೂರದ ಬದಲು ಕನ್ನಡಿ ಇರುವ ಟೆಲಿಸ್ಕೋಪ್) 56 ಸಾವಿರ ಆಯಿತು, ಸಾಗಣೆ ಬೇರೆ 2,800. ಡಬ್ಬದ ಒಂದು ಮೂಲೆ ನುಗ್ಗಾಗಿತ್ತು, ಒಳಗೆ ಕನ್ನಡಿ ಸಡಿಲ. ಮಾರಿದವರು ಆಮೇಲೆ ಫೋನೇ ಎತ್ತಲಿಲ್ಲ. ಕಾಲಿಮೇಷನ್‌ಗೆ, ಅಂದರೆ ಕನ್ನಡಿಗಳನ್ನು ಒಂದೇ ನೇರಕ್ಕೆ ತರೋಕೆ, ಅಂತ ತಂದ ಲೇಸರ್ 3,200. ಅದನ್ನು ತಿರುಗಿಸಿದರೆ ಚುಕ್ಕೆ ಗೋಡೆ ಮೇಲೆ ಸುತ್ತು ಹಾಕುತ್ತಿತ್ತು, ಅಂದರೆ ಲೇಸರೇ ಓರೆ! ಕೊನೆಗೆ ಪ್ಲಾಸ್ಟಿಕ್ ಮುಚ್ಚಳಕ್ಕೆ ನಡುವೆ ತೂತು ಕೊರೆದು, ಅದರಲ್ಲಿ ಇಣುಕಿ ಕನ್ನಡಿ ಸರಿಮಾಡಿದೆ. ಕಣ್ಣಿಟ್ಟು ನೋಡುವ ಮಸೂರ, 5 ಎಂಎಂ ಐಪೀಸ್‌ಗೆ 4,500. ಆದರೆ ಕಂಡದ್ದಕ್ಕೆ ಬೆಲೆ ಕಟ್ಟೋಕಾಗಲ್ಲ. ಗುರುವಿನ ಚಂದ್ರ ಅಯೋ ಗ್ರಹದ ಅಂಚು ದಾಟುವಾಗ ಬಿಳಿ ಮಣಿಯ ಹಾಗಿತ್ತು, ಒಳಗೆ ಬಂದ ಮೇಲೆ ಮೋಡದ ಪಟ್ಟೆಗಳಲ್ಲಿ ಕಳೆದುಹೋಯಿತು. ನೆರಳು ಮಾತ್ರ ಕಡುಕಪ್ಪು, ಗುಂಡಗೆ, ಎರಡು ಗಂಟೆಗೂ ಜಾಸ್ತಿ ಹೊತ್ತು ಸಾಗಿತು. 70 ಎಂಎಂನಲ್ಲಿ ಇದು ಸಾಧ್ಯವೇ ಇಲ್ಲ.

ಧಾರವಾಡ: ಸಾಧ್ಯವೇ ಇಲ್ಲ ಅಂತ ಸುಮ್ನೆ ಹೇಳಬೇಡಿ ಸರ್. ನನ್ನದು 80 ಎಂಎಂ. ಇನ್ನೊಂದು ಚಂದ್ರ ಗ್ಯಾನಿಮೀಡ್ ನೆರಳು ಅದರಲ್ಲೇ ಕಂಡಿದೆ. ಗ್ಯಾನಿಮೀಡ್ 5,268 ಕಿ.ಮೀ. ಅಡ್ಡಗಲ, ಯುರೋಪಾ 3,100 ಚಿಲ್ಲರೆ. ದೊಡ್ಡದರ ನೆರಳು ಬೀಳುವ ರಾತ್ರಿ ನೋಡಿ ಕೂರಬೇಕು. ನನಗೆ ಕಾಟ ಕೊಟ್ಟಿದ್ದು ಸ್ಟ್ಯಾಂಡ್. ಫೋಕಸ್ ಮುಟ್ಟಿದರೆ ಗುರು ಕುಣಿಯುತ್ತಿತ್ತು. ಬಡಗಿ ಹತ್ತಿರ ಮರದ ಕಾಲು ಮಾಡಿಸಿದೆ, 3,400. ಮಳೆಗಾಲದಲ್ಲಿ ಅದು ಉಬ್ಬಿ ಸ್ಕ್ರೂ ಹಿಡಿಯಲಿಲ್ಲ, ಮತ್ತೆ 1,200. ನಿಮ್ಮ ಊರಿನ ಕಾಂಕ್ರೀಟ್ ತಾರಸಿ ಹಗಲಿನ ಕಾವು ಬಿಡುತ್ತಿರುವಾಗ 8 ಇಂಚಾದರೂ ಅಷ್ಟೇ, ಆ ಬಿಸಿಗಾಳಿಯಲ್ಲಿ ಗುರುವಿನ ಬಿಂಬ ಕುದಿಯುತ್ತಾ ಇರುತ್ತದೆ.

ಮೈಸೂರು: ಕೊಂಡವರ ಮಾತಾಯಿತು. ನಾನು 6 ಇಂಚಿನ ಕನ್ನಡಿ ಕೈಯಾರೆ ತಿಕ್ಕಿದ್ದು. 80ನೇ ನಂಬರಿನ ಒರಟು ಪುಡಿಯಿಂದ ಶುರುಮಾಡಿ ನುಣುಪಿಗೆ ಇಳಿಯಬೇಕು, ಕೊನೆಗೆ ರಾಳದ ಮೇಲೆ ಸೀರಿಯಂ ಆಕ್ಸೈಡ್ ಪಾಲಿಷ್. ಒಂದು ದಪ್ಪ ಹರಳು ನುಸುಳಿದರೆ ಗೀರು ಬಿತ್ತು, ಮತ್ತೆ ಹಿಂದಕ್ಕೆ. ಅಲ್ಯೂಮಿನಿಯಂ ಲೇಪಕ್ಕೆ ಕೊರಿಯರ್‌ನಲ್ಲಿ ಕಳಿಸಿದೆ. ವಾಪಸ್ ಬಂದಾಗ ಅಂಚು ಒಡೆದಿತ್ತು. ಪರಿಹಾರ ಒಂದು ಪೈಸೆ ಇಲ್ಲ. ಆ ಒಡಕಿನ ಕನ್ನಡಿಯಲ್ಲೇ ಯುರೋಪಾ ನೆರಳು ಹಿಡಿದಿದ್ದೇನೆ. ಹಣ ಸುರಿದರೆ ಕಣ್ಣು ಪಳಗುವುದಿಲ್ಲ.

ಬೆಂಗಳೂರು: ಎಲ್ಲರಿಗೂ ಗಾಜು ತಿಕ್ಕುವಷ್ಟು ಬಿಡುವಿಲ್ಲ ಸರ್. ನಾನೂ ಚಳಿಯಲ್ಲಿ ಕೂತೇ ನೋಡಿದ್ದು. ಅಯೋ, ಯುರೋಪಾ, ಗ್ಯಾನಿಮೀಡ್ ಮೂರರ ನೆರಳೂ ಒಟ್ಟಿಗೆ ಬೀಳುವ ರಾತ್ರಿಗೆ ಕಾಯ್ತಿದ್ದೀನಿ.

ಧಾರವಾಡ: ಕಾಯಬೇಡಿ, ಆ ರಾತ್ರಿ ಬರಲ್ಲ. ಗ್ಯಾನಿಮೀಡ್ ಒಂದು ಸುತ್ತು ಹಾಕುವಾಗ ಯುರೋಪಾ ಎರಡು, ಅಯೋ ನಾಲ್ಕು. ಈ ತಾಳ ತಪ್ಪುವುದಿಲ್ಲ, ಹಾಗಾಗಿ ಮೂರೂ ಗುರುವಿನ ಒಂದೇ ಬದಿಯಲ್ಲಿ ಸಾಲಿಗೆ ಬರುವುದಿಲ್ಲ. ಮೂರು ನೆರಳು ಬೇಕಾದರೆ ನಾಲ್ಕನೇ ಚಂದ್ರ ಕ್ಯಾಲಿಸ್ಟೊ ಸೇರಬೇಕು. 2015ರ ಜನವರಿ 24ರಂದು ಸೇರಿತ್ತು, ಆಗ ನಮಗೆ ಮಟಮಟ ಮಧ್ಯಾಹ್ನ. ಮುಂದಿನದು 2032ರ ಮಾರ್ಚ್ 20.

ಬೆಂಗಳೂರು: ಪಾಠ ಕೇಳಿದ್ದು ನಾನಲ್ಲ, ಪ್ರಶ್ನೆ ಹಾಕಿದವರು.

ಡಲ್ಲಾಸ್: ಗುರುವೊಂದೇ ಯಾಕೆ? 2025ರಲ್ಲಿ ಶನಿಯ ಉಂಗುರ ನಮಗೆ ಅಂಚು ತೋರಿಸಿತಲ್ಲ, ಆಗ ಅದರ ಚಂದ್ರ ಟೈಟನ್ ನೆರಳು ಶನಿಯ ಮೇಲೆ 16 ದಿನಕ್ಕೊಮ್ಮೆ ಹಾಯುತ್ತಿತ್ತು. ಜುಲೈ 18ರ ನಸುಕಿಗೆ ಮೊದಲೇ ಎದ್ದು 10 ಇಂಚಿನಲ್ಲಿ ನೋಡಿದೆ. ಇಬ್ಬನಿ ತಡೆಯುವ ಹೀಟರ್‌ಗೆ 60 ಡಾಲರ್, ಅದರ ಬ್ಯಾಟರಿಗೆ 110. ಅವತ್ತೇ ಬ್ಯಾಟರಿ ಕೈಕೊಟ್ಟು ಕನ್ನಡಿ ಮಂಜಾಯಿತು. ಹೇರ್ ಡ್ರೈಯರ್ ಹಿಡಿದು ಒಣಗಿಸಿದೆ. ನೀವೆಲ್ಲ ಇದನ್ನು ಬಿಟ್ಟಿದ್ದೇಕೆ?

ಧಾರವಾಡ: ಬಿಟ್ಟಿದ್ದಲ್ಲ ಮೇಡಂ! ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅವು ನಡೆದದ್ದೆಲ್ಲ ನಮ್ಮ ಹಗಲಲ್ಲಿ. ಮೇಲೆ ಮಳೆಗಾಲ. ಇನ್ನು ಸುಮಾರು 2038ರವರೆಗೆ ಕಾಯಬೇಕು. ಹೊಟ್ಟೆ ಉರಿಯುತ್ತದೆ.

ಶಿವಮೊಗ್ಗ: ಬೀದಿದೀಪದ ಬಗ್ಗೆ ಯಾರಾದರೂ ಹೇಳ್ತೀರಾ? ಮತ್ತೆ ನೆರಳು ಚಂದ್ರನ ಹಿಂದೆಯೇ ಬರುತ್ತೆ ಅಲ್ವಾ?

ಮೈಸೂರು: ಗುರು ಆಕಾಶದಲ್ಲಿ ಸೂರ್ಯನಿಗೆ ನೇರ ಎದುರು ದಿಕ್ಕಿಗೆ ಬರುವ ದಿನಕ್ಕೆ ಮುಂಚೆ ನೆರಳೇ ಮೊದಲು ಗ್ರಹದ ಮೇಲೆ ಬರುತ್ತದೆ, ಆಮೇಲೆ ಚಂದ್ರ. ಆ ದಿನ ಕಳೆದ ಮೇಲೆ ಚಂದ್ರ ಮುಂದೆ, ನೆರಳು ಹಿಂದೆ. 2026ರಲ್ಲಿ ಆ ದಿನ ಜನವರಿ 10. ಗುರು ಅಷ್ಟು ಪ್ರಕಾಶ ಇರುವಾಗ ಬೀದಿದೀಪ ಲೆಕ್ಕಕ್ಕಿಲ್ಲ, ನೇರ ಕಣ್ಣಿಗೆ ಹೊಡೆಯದಂತೆ ಕಂಬಳಿ ಕಟ್ಟಿ. 6 ಇಂಚು ಸಾಕು. ಬೆಂಗಳೂರಿನವರ ಲೆಕ್ಕ ಕೇಳಿ ಸಾಲ ಮಾಡಬೇಡಿ.

ಬೆಂಗಳೂರು: ಸಾಲ ಮಾಡಿ ಅಂತ ಎಲ್ಲಿ ಹೇಳಿದೆ? ಮೇಲೆ ಓದಿ ನೋಡಿ.